ಜೂನಿಯರ್ ಟೆನಿಸ್: ಅಂತರರಾಷ್ಟ್ರೀಯ ಸ್ಪರ್ಧಾ ವರ್ಷ ಮತ್ತು ಕರ್ನಾಟಕ

13ರಿಂದ 18 ವರ್ಷದ ಹುಡುಗ ಹುಡುಗಿಯರು ಊರೂರು, ದೇಶದೇಶ ಸುತ್ತಿ ಆಡುವ ಟೆನಿಸ್ ಟೂರ್ನಿಗಳ ಸಾಲಿಗೆ ಅಂತರರಾಷ್ಟ್ರೀಯ ಜೂನಿಯರ್ ಟೆನಿಸ್ ಎಂದು ಹೆಸರು. ಇದನ್ನು ನಡೆಸುವುದು ಲಂಡನ್‌ನಲ್ಲಿ ಕೇಂದ್ರ ಕಚೇರಿ ಇರುವ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್. ಐಟಿಎಫ್ ಎಂಬ ಮೂರಕ್ಷರದಿಂದಲೇ ಅದು ಆಟಗಾರರಿಗೂ ಪೋಷಕರಿಗೂ ಪರಿಚಿತ. ಜನವರಿಯಲ್ಲಿ ಆಸ್ಟ್ರೇಲಿಯಾದಲ್ಲಿ ಶುರುವಾಗಿ ಡಿಸೆಂಬರ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಮುಗಿಯುವ ಈ ಸ್ಪರ್ಧಾ ವರ್ಷ ಮುಂದಿನ ತಲೆಮಾರಿನ ವೃತ್ತಿಪರರನ್ನು ಸೋಸುವ ಜರಡಿ. ಕರ್ನಾಟಕ ಈ ಜರಡಿಯಿಂದ ಜೂನಿಯರ್ ಚಾಂಪಿಯನ್ನರನ್ನು ಕೊಟ್ಟದ್ದಕ್ಕಿಂತ, ತಡವಾಗಿ ಅರಳಿ ದೀರ್ಘಕಾಲ ಆಡಿದ ಆಟಗಾರರನ್ನು, ಅದರಲ್ಲೂ ಡಬಲ್ಸ್ ಆಟಗಾರರನ್ನು ಕೊಟ್ಟದ್ದೇ ಹೆಚ್ಚು.

ಹುಟ್ಟು ಮತ್ತು ಬೆಳವಣಿಗೆ

ಜೂನಿಯರ್ ಟೂರ್ನಿಗಳು ಗ್ರ್ಯಾನ್‌ಸ್ಲಾಮ್‌ಗಳ ನೆರಳಿನಲ್ಲಿ ಬೆಳೆದವು. ಆಸ್ಟ್ರೇಲಿಯಾದ ಚಾಂಪಿಯನ್‌ಷಿಪ್‌ನಲ್ಲಿ 1922ರಿಂದ ಬಾಲಕರ ಸ್ಪರ್ಧೆ ಇತ್ತು. ವಿಂಬಲ್ಡನ್ ಮತ್ತು ಪ್ಯಾರಿಸ್‌ಗಳಲ್ಲಿ ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ ಜೂನಿಯರ್ ವಿಭಾಗ ಆರಂಭವಾಯಿತು. ಮಯಾಮಿಯ ಆರೆಂಜ್ ಬೌಲ್ ಟೂರ್ನಿ ಹುಟ್ಟಿದ್ದೂ ಅದೇ ವರ್ಷ. ಅಮೆರಿಕ ಓಪನ್ ಬಾಲಕರಿಗೆ ಅಂಗಳ ತೆರೆದದ್ದು 1973ರಲ್ಲಿ.

ಚದುರಿದ್ದ ಈ ಟೂರ್ನಿಗಳನ್ನು ಒಂದೇ ಅಂಕಪದ್ಧತಿಗೆ ತಂದದ್ದು ಐಟಿಎಫ್. 1977ರಲ್ಲಿ ಕೇವಲ 9 ಟೂರ್ನಿಗಳಿಂದ ಅದರ ಜೂನಿಯರ್ ಸರ್ಕೀಟ್ ಆರಂಭವಾಯಿತು. ಇಂದು ಅದು ನೂರಕ್ಕೂ ಹೆಚ್ಚು ದೇಶಗಳಿಗೆ ಹರಡಿದೆ. ವರ್ಷಾಂತ್ಯದ ಅಗ್ರ ಆಟಗಾರನಿಗೆ ವಿಶ್ವ ಜೂನಿಯರ್ ಚಾಂಪಿಯನ್ ಎಂಬ ಗೌರವ ಸಲ್ಲುತ್ತದೆ. 1978ರಲ್ಲಿ ಇವಾನ್ ಲೆಂಡ್ಲ್, 1994ರಲ್ಲಿ ಮಾರ್ಟಿನಾ ಹಿಂಗಿಸ್, 1998ರಲ್ಲಿ ರೋಜರ್ ಫೆಡರರ್, 2000ದಲ್ಲಿ ಆಂಡಿ ರಾಡಿಕ್, 2005ರಲ್ಲಿ ವಿಕ್ಟೋರಿಯಾ ಅಜರೆಂಕಾ ಈ ಪಟ್ಟ ಪಡೆದವರು. ಆದರೆ ಈ ಪಟ್ಟಿಯಲ್ಲಿ ಕಾಣದ ದೊಡ್ಡ ಹೆಸರುಗಳೂ ಇವೆ. ರಫೆಲ್ ನಡಾಲ್ ಜೂನಿಯರ್ ಗ್ರ್ಯಾನ್‌ಸ್ಲಾಮ್ ಗೆದ್ದವರೇ ಅಲ್ಲ; 2002ರ ವಿಂಬಲ್ಡನ್ ಬಾಲಕರ ಸೆಮಿಫೈನಲ್‌ವರೆಗೆ ಹೋದ ಅವರು ಆ ಹೊತ್ತಿಗಾಗಲೇ ವೃತ್ತಿಪರರ ನಡುವೆ ಆಡುತ್ತಿದ್ದರು.

ಪುರುಷರ, ಮಹಿಳೆಯರ ಪಟ್ಟಿಗಳಲ್ಲಿ ಸಿಂಗಲ್ಸ್‌ಗೂ ಡಬಲ್ಸ್‌ಗೂ ಬೇರೆ ಬೇರೆ ರ‍್ಯಾಂಕಿಂಗ್ ಇದ್ದರೆ, ಜೂನಿಯರ್ ವಿಭಾಗದಲ್ಲಿ 2004ರಿಂದ ಎರಡೂ ಸೇರಿ ಒಂದೇ ರ‍್ಯಾಂಕಿಂಗ್. ಬೆಳೆಯುವ ವಯಸ್ಸಿನಲ್ಲಿ ಮಕ್ಕಳು ಡಬಲ್ಸ್ ಆಟವನ್ನು ಕೈಬಿಡದಿರಲಿ ಎಂಬುದೇ ಇದರ ಉದ್ದೇಶ.

ವಯಸ್ಸು, ದರ್ಜೆ, ಅಂಕ

ಟೂರ್ನಿ ಆರಂಭವಾಗುವ ದಿನಕ್ಕೆ 13 ವರ್ಷ ತುಂಬಿದವರು ಆಡಬಹುದು. 18 ತುಂಬುವ ವರ್ಷದ ಡಿಸೆಂಬರ್ 31ಕ್ಕೆ ಅರ್ಹತೆ ಮುಗಿಯುತ್ತದೆ. ಜನವರಿಯಲ್ಲಿ ಹುಟ್ಟಿದವರಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವರಿಗೂ ಕೊನೆಯ ಗೆರೆ ಒಂದೇ ಆದ್ದರಿಂದ ವರ್ಷದ ಆರಂಭದಲ್ಲಿ ಹುಟ್ಟಿದವರಿಗೆ ಮೈಕಟ್ಟಿನ ಅನುಕೂಲ ಇರುತ್ತದೆ. ಚಿಕ್ಕ ವಯಸ್ಸಿನವರು ಒಂದು ವರ್ಷದಲ್ಲಿ ಎಷ್ಟು ಟೂರ್ನಿ ಆಡಬಹುದು ಎಂಬುದಕ್ಕೆ ಮಿತಿಯಿದೆ. ವಯಸ್ಸು ಏರಿದಂತೆ ಮಿತಿಯೂ ಸಡಿಲವಾಗುತ್ತದೆ.

2022ರವರೆಗೆ ಟೂರ್ನಿಗಳನ್ನು ಎ, 1ರಿಂದ 5 ಎಂಬ ದರ್ಜೆಗಳಲ್ಲಿ ವಿಂಗಡಿಸಲಾಗುತ್ತಿತ್ತು. 2023ರಿಂದ ಹೆಸರುಗಳು ಬದಲಾಗಿ ಜೆ30, ಜೆ60, ಜೆ100, ಜೆ200, ಜೆ300, ಜೆ500 ಎಂಬ ಮೆಟ್ಟಿಲುಗಳಾದವು. ಸಿಂಗಲ್ಸ್ ಗೆದ್ದವರಿಗೆ ಸಿಗುವ ಅಂಕವೇ ದರ್ಜೆಯ ಹೆಸರಿನಲ್ಲಿದೆ. ಇವೆಲ್ಲಕ್ಕೂ ಮೇಲೆ ಜೂನಿಯರ್ ಗ್ರ್ಯಾನ್‌ಸ್ಲಾಮ್. ಅದನ್ನು ಗೆದ್ದವರಿಗೆ 1,000 ಅಂಕ. ಕಳೆದ 52 ವಾರಗಳ ಅತ್ಯುತ್ತಮ 6 ಸಿಂಗಲ್ಸ್ ಫಲಿತಾಂಶಗಳ ಅಂಕ, ಅದರ ಜೊತೆಗೆ ಅತ್ಯುತ್ತಮ 6 ಡಬಲ್ಸ್ ಫಲಿತಾಂಶಗಳ ಅಂಕದ ಕಾಲುಭಾಗ, ಎರಡೂ ಸೇರಿ ಆಟಗಾರನ ರ‍್ಯಾಂಕಿಂಗ್ ನಿರ್ಧಾರವಾಗುತ್ತದೆ.

ಈ ಲೆಕ್ಕದಲ್ಲಿ ಒಂದು ಪಾಠವಿದೆ. ಆರು ಜೆ30 ಟೂರ್ನಿಗಳ ಸಿಂಗಲ್ಸ್ ಗೆದ್ದರೂ ಸೇರುವುದು 180 ಅಂಕ. ಒಂದೇ ಒಂದು ಜೆ200 ಗೆದ್ದವರು ಅವರಿಗಿಂತ ಮುಂದೆ. ಹತ್ತಿರದ ಸಣ್ಣ ಟೂರ್ನಿಗಳಲ್ಲೇ ಸುತ್ತುತ್ತಿದ್ದರೆ ಪಟ್ಟಿಯಲ್ಲಿ ಒಂದು ಎತ್ತರದ ನಂತರ ಏರಲಾಗದು. ಮೇಲಿನ ದರ್ಜೆಯಲ್ಲಿ ಪ್ರವೇಶ ಬೇಕಾದರೆ ರ‍್ಯಾಂಕಿಂಗ್ ಬೇಕು. ರ‍್ಯಾಂಕಿಂಗ್ ಇಲ್ಲದವರು ಕ್ವಾಲಿಫೈಯಿಂಗ್ ಸುತ್ತುಗಳಿಂದ ಮೇನ್ ಡ್ರಾಗೆ ಬರಬೇಕು, ಇಲ್ಲವೇ ಸಂಘಟಕರು ಕೊಡುವ ವೈಲ್ಡ್ ಕಾರ್ಡ್‌ಗೆ ಕಾಯಬೇಕು. ತನ್ನ ಊರಿನಲ್ಲೇ ಟೂರ್ನಿ ನಡೆದರೆ ಆಟಗಾರನಿಗೆ ಆಗುವ ದೊಡ್ಡ ಲಾಭ ಈ ವೈಲ್ಡ್ ಕಾರ್ಡ್.

ವರ್ಷದ ಕ್ರಮ

ವರ್ಷ ಆರಂಭವಾಗುವುದು ದಕ್ಷಿಣ ಗೋಳಾರ್ಧದ ಬೇಸಿಗೆಯಲ್ಲಿ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಟ್ರರಾಲ್ಗನ್ ಪಟ್ಟಣದಲ್ಲಿ ಅಭ್ಯಾಸ ರೂಪದ ದೊಡ್ಡ ಟೂರ್ನಿ ಮುಗಿಸಿ ಜೂನಿಯರ್ ಆಟಗಾರರು ಮೆಲ್ಬರ್ನ್‌ಗೆ ಬರುತ್ತಾರೆ. ನಾಲ್ಕೂ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಜೂನಿಯರ್ ಪಂದ್ಯಗಳು ಹಿರಿಯರ ಟೂರ್ನಿಯ ಎರಡನೆಯ ವಾರ ನಡೆಯುತ್ತವೆ. ತಾವು ಟಿ.ವಿ.ಯಲ್ಲಿ ನೋಡುವ ಆಟಗಾರರ ಜೊತೆಗೇ ಊಟದ ಮನೆ, ಅಭ್ಯಾಸದ ಅಂಗಳ ಹಂಚಿಕೊಳ್ಳುವ ಅವಕಾಶ ಮಕ್ಕಳಿಗೆ ಸಿಗುವುದು ಆಗಲೇ. ಭಾರತದಲ್ಲಿ ಅದು ಚಳಿಗಾಲ; ಇದೇ ಹೊತ್ತಿನಲ್ಲಿ ಕೋಲ್ಕತ್ತ, ದೆಹಲಿ ಮೊದಲಾದ ಭಾರತದ ನಗರಗಳಲ್ಲೂ ಐಟಿಎಫ್ ಜೂನಿಯರ್ ಟೂರ್ನಿಗಳು ಜರುಗುತ್ತವೆ. 14 ವರ್ಷದೊಳಗಿನವರಿಗೆ ಫ್ರಾನ್ಸಿನ ತಾರ್ಬ್ ನಗರದಲ್ಲಿ ‘ಲೆ ಪೆತಿ ಆಸ್’ ಎಂಬ ಹೆಸರಾಂತ ಟೂರ್ನಿ ನಡೆಯುವುದೂ ಈ ಹೊತ್ತಿನಲ್ಲೇ. ಹಿಂಗಿಸ್, ನಡಾಲ್ ಇಬ್ಬರೂ ಅದನ್ನು ಗೆದ್ದವರು.

ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಮುಖ್ಯ ಸ್ಪರ್ಧೆಗಳು ಬ್ರೆಜಿಲ್ ಮತ್ತು ಸುತ್ತಲಿನ ದೇಶಗಳ ಮಣ್ಣಿನ ಅಂಗಳಗಳಲ್ಲಿ. ಏಪ್ರಿಲ್, ಮೇ ಯುರೋಪಿನ ಕೆಂಪು ಮಣ್ಣಿನ ಕಾಲ. ಮಿಲಾನ್‌ನ ಬೊನ್‌ಫಿಲಿಯೊ ಟ್ರೋಫಿಯ ಬೆನ್ನಿಗೇ ಪ್ಯಾರಿಸ್‌ನ ಫ್ರೆಂಚ್ ಓಪನ್. ಮಣ್ಣಿನ ಅಂಗಳದಲ್ಲಿ ಚೆಂಡು ನಿಧಾನವಾಗಿ, ಎತ್ತರಕ್ಕೆ ಪುಟಿಯುತ್ತದೆ. ಒಂದೊಂದು ಅಂಕಕ್ಕೂ ಹೆಚ್ಚು ಹೊಡೆತ ಬೇಕು. ಕೆಲವೇ ವಾರಗಳ ಅಂತರದಲ್ಲಿ ಹುಲ್ಲಿನ ಅಂಗಳ. ಲಂಡನ್‌ನ ರೋಹ್ಯಾಂಪ್ಟನ್ ಟೂರ್ನಿ, ಅದರ ನಂತರ ವಿಂಬಲ್ಡನ್. ಇಲ್ಲಿ ಚೆಂಡು ತಗ್ಗಾಗಿ ಜಾರುವುದರಿಂದ ಸರ್ವ್ ಮತ್ತು ವಾಲಿ ಬಲ್ಲವರಿಗೆ ಅನುಕೂಲ. ಭಾರತದ ಜೂನಿಯರ್ ಗೆಲುವುಗಳಲ್ಲಿ ವಿಂಬಲ್ಡನ್ನಿನ ಪಾಲು ದೊಡ್ಡದಾಗಿರುವುದಕ್ಕೆ ಹಳೆಯ ಭಾರತೀಯ ಆಟಗಾರರ ಈ ಬಗೆಯ ಆಟ ಒಂದು ಕಾರಣ. 2022ರಿಂದ ವಿಂಬಲ್ಡನ್ 14 ವರ್ಷದೊಳಗಿನವರ ಸ್ಪರ್ಧೆಯನ್ನೂ ನಡೆಸುತ್ತಿದೆ.

ಆಗಸ್ಟ್‌ನಿಂದ ಉತ್ತರ ಅಮೆರಿಕದ ಗಟ್ಟಿ ಅಂಗಳಗಳ ಸರದಿ. ಕೆನಡಾದಲ್ಲಿ ಆಡಿ ನ್ಯೂಯಾರ್ಕ್‌ಗೆ, ಅಮೆರಿಕ ಓಪನ್‌ಗೆ. ಶರತ್ಕಾಲದಲ್ಲಿ ಜಪಾನಿನ ಒಸಾಕಾ ಮೇಯರ್ಸ್ ಕಪ್ ಏಷ್ಯಾದ ದೊಡ್ಡ ಜೂನಿಯರ್ ಟೂರ್ನಿ. ಪಟ್ಟಿಯ ಅಗ್ರ 8 ಬಾಲಕರು, 8 ಬಾಲಕಿಯರು ಆಡುವ ವರ್ಷಾಂತ್ಯದ ಫೈನಲ್ಸ್ 2015ರಲ್ಲಿ ಚೀನಾದ ಚೆಂಗ್ಡು ನಗರದಲ್ಲಿ ಆರಂಭವಾಯಿತು. ಕೋವಿಡ್ ಕಾರಣದಿಂದ 2020ರಿಂದ ಮೂರು ವರ್ಷ ನಿಂತಿದ್ದ ಅದು 2023ರಲ್ಲಿ ಅದೇ ನಗರಕ್ಕೆ ಮರಳಿತು. ಡಿಸೆಂಬರ್‌ನ ಆರೆಂಜ್ ಬೌಲ್‌ನೊಂದಿಗೆ ವರ್ಷದ ದೊಡ್ಡ ಟೂರ್ನಿಗಳು ಮುಗಿಯುತ್ತವೆ.

ಬೆಂಗಳೂರಿನ ಶಾಲೆಯ ಮಗುವಿಗೆ ಈ ಕ್ರಮ ಒಗ್ಗುವುದು ಸುಲಭವಲ್ಲ. ದಕ್ಷಿಣ ಅಮೆರಿಕದ ಟೂರ್ನಿಗಳು ನಡೆಯುವ ಹೊತ್ತಿಗೆ ಇಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ ಪರೀಕ್ಷೆಯ ತಯಾರಿ. ಹುಲ್ಲಿನ ಅಂಗಳದ ಕಾಲಕ್ಕೆ ಹೊಸ ತರಗತಿ ಆರಂಭ. ಏಪ್ರಿಲ್, ಮೇ ರಜೆ ಮಾತ್ರ ಯುರೋಪಿನ ಮಣ್ಣಿನ ಕಾಲಕ್ಕೆ ಹೊಂದುತ್ತದೆ.

ತಂಡ ಸ್ಪರ್ಧೆಗಳು

ದೇಶದ ಪರವಾಗಿ ಆಡುವ ಜೂನಿಯರ್ ಸ್ಪರ್ಧೆಗಳು ಎರಡು ವಯೋಮಾನಗಳಲ್ಲಿವೆ. 16 ವರ್ಷದೊಳಗಿನ ಬಾಲಕರಿಗೆ ಜೂನಿಯರ್ ಡೇವಿಸ್ ಕಪ್, ಬಾಲಕಿಯರಿಗೆ ಬಿಲ್ಲಿ ಜೀನ್ ಕಿಂಗ್ ಕಪ್ ಜೂನಿಯರ್ಸ್. 1985ರಲ್ಲಿ ವಿಶ್ವ ಯುವ ಕಪ್ ಎಂಬ ಹೆಸರಿನಲ್ಲಿ ಹುಟ್ಟಿದ ಸ್ಪರ್ಧೆಯ ಇಂದಿನ ರೂಪಗಳಿವು. 14 ವರ್ಷದೊಳಗಿನವರಿಗೆ 1991ರಿಂದ ವಿಶ್ವ ಜೂನಿಯರ್ ಟೆನಿಸ್ ನಡೆಯುತ್ತಿದೆ. ಅದರ ಅಂತಿಮ ಹಂತ ಆಗಸ್ಟ್‌ನಲ್ಲಿ ಝೆಕ್ ಗಣರಾಜ್ಯದ ಪ್ರೊಸ್ತ್ಯೆಯೊವ್ ನಗರದಲ್ಲಿ. ಭಾರತ ಏಷ್ಯಾ ಮತ್ತು ಓಷಿಯಾನಿಯಾ ವಲಯದ ಅರ್ಹತಾ ಸುತ್ತುಗಳನ್ನು ದಾಟಿ ಅಲ್ಲಿಗೆ ಹೋಗಬೇಕು. ಜಪಾನ್, ಆಸ್ಟ್ರೇಲಿಯಾ, ದಕ್ಷಿಣ ಕೊರಿಯಾಗಳಂತಹ ತಂಡಗಳು ಅದೇ ವಲಯದಲ್ಲಿವೆ. ಒಬ್ಬಂಟಿ ಆಟವೆಂದೇ ಹೆಸರಾದ ಟೆನಿಸ್‌ನಲ್ಲಿ ಮಕ್ಕಳು ಕ್ಯಾಪ್ಟನ್‌ನ ಮಾತು ಕೇಳಿ, ಸಂಗಾತಿಯ ಸೋಲು ಗೆಲುವಿಗೂ ಹೊಣೆಯಾಗಿ ಆಡಲು ಕಲಿಯುವುದು ಇಲ್ಲಿ.

ದೇಶದೊಳಗಿನ ಮೆಟ್ಟಿಲು

ಐಟಿಎಫ್ ಅಂಗಳ ತಲುಪುವ ಮುನ್ನ ಭಾರತದ ಮಗು ಅಖಿಲ ಭಾರತ ಟೆನಿಸ್ ಸಂಸ್ಥೆಯ ಟೂರ್ನಿಗಳಲ್ಲಿ ಆಡಬೇಕು. 12, 14, 16, 18 ವರ್ಷದೊಳಗಿನವರು ಎಂಬ ನಾಲ್ಕು ವಿಭಾಗಗಳು ಅಲ್ಲಿವೆ. ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಷಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಎಂದು ಹಂತಗಳಿವೆ. ಇವುಗಳಲ್ಲಿ ಗಳಿಸಿದ ಅಂಕದ ಮೇಲೆ ರಾಷ್ಟ್ರೀಯ ರ‍್ಯಾಂಕಿಂಗ್. ದೆಹಲಿಯ ಫೆನೆಸ್ಟಾ ಓಪನ್ ರಾಷ್ಟ್ರೀಯ ಚಾಂಪಿಯನ್‌ಷಿಪ್ ಹಿರಿಯರ ಜೊತೆಗೆ ಜೂನಿಯರ್ ವಿಭಾಗಗಳನ್ನೂ ಒಳಗೊಂಡ ದೇಶದ ದೊಡ್ಡ ವೇದಿಕೆ. ಇವುಗಳಿಗೂ ಐಟಿಎಫ್‌ಗೂ ನಡುವಿನ ಸೇತುವೆ ಏಷ್ಯಾ ಟೆನಿಸ್ ಫೆಡರೇಷನ್ ನಡೆಸುವ 14 ಮತ್ತು 16 ವರ್ಷದೊಳಗಿನವರ ಟೂರ್ನಿಗಳು.

ಕೆಳ ಹಂತದ ಟೂರ್ನಿಗಳಲ್ಲಿ ಪ್ರತಿ ಅಂಗಳಕ್ಕೂ ಅಂಪೈರ್ ಇರುವುದಿಲ್ಲ. ತನ್ನ ಕಡೆಯ ಗೆರೆಯಲ್ಲಿ ಬಿದ್ದ ಚೆಂಡು ಒಳಗೋ ಹೊರಗೋ ಎಂದು ಹೇಳಬೇಕಾದ್ದು ಆಟಗಾರನೇ. ಬೇಲಿಯ ಆಚೆ ನಿಂತ ಪೋಷಕರು ಮಾತನಾಡುವಂತಿಲ್ಲ. ಹನ್ನೆರಡು ವರ್ಷದ ಮಗು ತಾನೇ ತೀರ್ಮಾನ ಕೊಟ್ಟು, ಅದಕ್ಕೆ ನಿಂತು, ಎದುರಾಳಿಯ ತೀರ್ಮಾನವನ್ನೂ ನುಂಗಿಕೊಳ್ಳಬೇಕಾದ ಈ ನಿಯಮ ಜೂನಿಯರ್ ಟೆನಿಸ್‌ನ ಕಠಿಣ ಪಾಠಗಳಲ್ಲಿ ಒಂದು.

ಭಾರತದ ಜೂನಿಯರ್ ಸಾಧಕರು

ಮದ್ರಾಸಿನ ರಾಮನಾಥನ್ ಕೃಷ್ಣನ್ 1954ರಲ್ಲಿ ವಿಂಬಲ್ಡನ್ ಬಾಲಕರ ಸಿಂಗಲ್ಸ್ ಗೆದ್ದರು. ಆ ಪ್ರಶಸ್ತಿ ಪಡೆದ ಏಷ್ಯಾದ ಮೊದಲ ಆಟಗಾರ ಅವರು. ಅವರ ಮಗ ರಮೇಶ್ ಕೃಷ್ಣನ್ 1979ರಲ್ಲಿ ಫ್ರೆಂಚ್ ಮತ್ತು ವಿಂಬಲ್ಡನ್ ಎರಡನ್ನೂ ಗೆದ್ದರು. ಮದ್ರಾಸಿನ ಬ್ರಿಟಾನಿಯಾ ಅಮೃತರಾಜ್ ಅಕಾಡೆಮಿಯಲ್ಲಿ ಬೆಳೆದ ಲಿಯಾಂಡರ್ ಪೇಸ್ 1990ರಲ್ಲಿ ವಿಂಬಲ್ಡನ್, 1991ರಲ್ಲಿ ಅಮೆರಿಕ ಓಪನ್ ಗೆದ್ದರು. ದೆಹಲಿಯ ಯೂಕಿ ಭಾಂಬ್ರಿ 2009ರಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದು ಜೂನಿಯರ್ ಪಟ್ಟಿಯ ಅಗ್ರಸ್ಥಾನಕ್ಕೇರಿದರು. 2010ರ ಸಿಂಗಪುರ ಯೂತ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕವೂ ಅವರಿಗೆ ಬಂತು. ಡಬಲ್ಸ್‌ನಲ್ಲಿ ಹೈದರಾಬಾದಿನ ಸಾನಿಯಾ ಮಿರ್ಜಾ ರಷ್ಯಾದ ಅಲಿಸಾ ಕ್ಲೆಬನೋವಾ ಜೊತೆ 2003ರಲ್ಲಿ, ಹರಿಯಾಣದ ಸುಮಿತ್ ನಗಾಲ್ ವಿಯೆಟ್ನಾಂನ ಲಿ ಹೊವಾಂಗ್ ನಾಮ್ ಜೊತೆ 2015ರಲ್ಲಿ ವಿಂಬಲ್ಡನ್ ಜೂನಿಯರ್ ಪ್ರಶಸ್ತಿ ಗೆದ್ದರು.

ಸಿಂಗಲ್ಸ್‌ನಲ್ಲಿ ಮಿಂಚಿದ ಈ ಹುಡುಗರಲ್ಲಿ ಹಿರಿಯರಾದ ಮೇಲೆ ಸಿಂಗಲ್ಸ್‌ನ ಮುಂಚೂಣಿಯಲ್ಲಿ ಉಳಿದವರು ಇಬ್ಬರು ಕೃಷ್ಣನ್‌ರು ಮಾತ್ರ. ಪೇಸ್ 1996ರ ಅಟ್ಲಾಂಟಾ ಒಲಿಂಪಿಕ್ಸ್‌ನ ಸಿಂಗಲ್ಸ್‌ನಲ್ಲಿ ಕಂಚು ಗೆದ್ದರೂ ಅವರ ದೊಡ್ಡ ಪ್ರಶಸ್ತಿಗಳೆಲ್ಲ ಡಬಲ್ಸ್‌ನವು. ಗಾಯಗಳಿಂದ ನರಳಿದ ಭಾಂಬ್ರಿಯೂ ಕೊನೆಗೆ ಡಬಲ್ಸ್‌ಗೆ ತಿರುಗಿದರು.

ಕರ್ನಾಟಕ

ಮೇಲಿನ ಪಟ್ಟಿಯಲ್ಲಿ ಕರ್ನಾಟಕದಲ್ಲಿ ಬೆಳೆದು ಇಲ್ಲಿನ ಹೆಸರಿನಲ್ಲೇ ಆಡಿದವರಿಲ್ಲ. ಆದರೂ ಪಟ್ಟಿಯೊಂದಿಗೆ ಬೆಂಗಳೂರಿಗೆ ನಂಟಿದೆ. ಬೆಂಗಳೂರಿನಲ್ಲಿ ನೆಲೆಸಿದ ಡಬಲ್ಸ್ ಆಟಗಾರ ಮಹೇಶ್ ಭೂಪತಿ ಇಲ್ಲಿ ನಡೆಸಿದ ಅಕಾಡೆಮಿಗೆ ಪ್ರತಿಭಾ ಶೋಧದ ಮೂಲಕ ಆಯ್ಕೆಯಾಗಿ ಬಂದವರು ಸುಮಿತ್ ನಗಾಲ್. ಆಗ ಅವರಿಗೆ ಸುಮಾರು ಹತ್ತು ವರ್ಷ. 2017ರಲ್ಲಿ ಇದೇ ಊರಿನ ಬೆಂಗಳೂರು ಓಪನ್ ಚಾಲೆಂಜರ್ ಗೆದ್ದು ಅವರು ಹಿರಿಯರ ಆಟದಲ್ಲಿ ಮೊದಲ ದೊಡ್ಡ ಹೆಜ್ಜೆ ಇಟ್ಟರು. 2024ರಲ್ಲಿ ವಿಶ್ವದ 68ನೆಯ ಸ್ಥಾನಕ್ಕೇರಿದರು.

ರಾಜ್ಯದ ಟೆನಿಸ್‌ಗೆ ಕೇಂದ್ರ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ. ದೀರ್ಘಕಾಲ ಅದರ ಬೆನ್ನಿಗೆ ನಿಂತ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಸ್ವತಃ ಟೆನಿಸ್ ಆಡುತ್ತಿದ್ದರು; ಅಲ್ಲಿನ ಕ್ರೀಡಾಂಗಣಕ್ಕೆ ಈಗ ಅವರದೇ ಹೆಸರು. 2006ರಿಂದ 2008ರವರೆಗೆ ಇಲ್ಲಿ ಮಹಿಳೆಯರ ಬೆಂಗಳೂರು ಓಪನ್ ನಡೆಯಿತು. 2008ರಲ್ಲಿ ಸೆರೆನಾ ವಿಲಿಯಮ್ಸ್ ಇಲ್ಲಿ ಪ್ರಶಸ್ತಿ ಗೆದ್ದರು. 2014ರ ಸೆಪ್ಟೆಂಬರ್‌ನಲ್ಲಿ ಇಲ್ಲೇ ನಡೆದ ಡೇವಿಸ್ ಕಪ್ ಹಣಾಹಣಿಯಲ್ಲಿ ಭಾರತ ಸರ್ಬಿಯಾಕ್ಕೆ 2–3ರಿಂದ ಸೋತಿತು. ಆದರೆ ಪೇಸ್ ಮತ್ತು ರೋಹನ್ ಬೋಪಣ್ಣ ಮೊದಲೆರಡು ಸೆಟ್ ಸೋತ ಮೇಲೆ ಐದನೆಯ ಸೆಟ್‌ನಲ್ಲಿ ಗೆದ್ದ ಡಬಲ್ಸ್ ಪಂದ್ಯ ಪ್ರೇಕ್ಷಕರ ನೆನಪಿನಲ್ಲಿ ಉಳಿದಿದೆ.

ಜೂನಿಯರ್ ಆಟಕ್ಕೂ ಇಲ್ಲಿನ ಹಿರಿಯರ ಟೂರ್ನಿಗಳಿಗೂ ನೇರ ಸಂಬಂಧವಿದೆ. 2022ರ ಬೆಂಗಳೂರು ಓಪನ್‌ನ ಒಂದು ಪ್ರಶಸ್ತಿ ಗೆದ್ದ ತೈವಾನಿನ ತ್ಸೆಂಗ್ ಚುನ್-ಶಿನ್ 2018ರಲ್ಲಿ ಫ್ರೆಂಚ್ ಮತ್ತು ವಿಂಬಲ್ಡನ್ ಜೂನಿಯರ್ ಪ್ರಶಸ್ತಿಗಳನ್ನು ಗೆದ್ದು ವಿಶ್ವ ಜೂನಿಯರ್ ಚಾಂಪಿಯನ್ ಆಗಿದ್ದವರು. ತೈಪೆಯ ರಾತ್ರಿ ಸಂತೆಯಲ್ಲಿ ಸಕ್ಕರೆ ಪಾಕದ ಹಣ್ಣು ಮಾರಿ ಅವರನ್ನು ಬೆಳೆಸಿದ ಹೆತ್ತವರ ಕತೆ ಟೆನಿಸ್ ಲೋಕದಲ್ಲಿ ಪ್ರಸಿದ್ಧ. 2023ರ ಮಾರ್ಚ್‌ನಲ್ಲಿ ಇಲ್ಲಿ ನಡೆದ ಐಟಿಎಫ್ ಮಹಿಳಾ ಟೂರ್ನಿಯ ಫೈನಲ್‌ನಲ್ಲಿ ಭಾರತದ ಅಂಕಿತಾ ರೈನಾ ಅವರನ್ನು ಸೋಲಿಸಿದ ಝೆಕ್ ಆಟಗಾರ್ತಿ ಬ್ರೆಂಡಾ ಫ್ರುವಿರ್ತೋವಾಗೆ ಆಗಿನ್ನೂ 15 ವರ್ಷ. ಬಾಲ್ ಬಾಯ್, ಬಾಲ್ ಗರ್ಲ್‌ಗಳಾಗಿ ಅಂಗಳದ ಬದಿ ನಿಲ್ಲುವ ಬೆಂಗಳೂರಿನ ಮಕ್ಕಳಿಗೆ ತಮ್ಮದೇ ವಯಸ್ಸಿನವರ ಮಟ್ಟ ಎಷ್ಟು ಎಂದು ತಿಳಿಯುವುದು ಇಂಥ ಟೂರ್ನಿಗಳಲ್ಲಿ.

ಬೆಂಗಳೂರಿನ ಹೊರಗೂ ನೆಲೆಗಳಿವೆ. ಧಾರವಾಡ, ಮೈಸೂರು, ಮಂಡ್ಯ, ಕಲಬುರಗಿ ಪುರುಷರ ಐಟಿಎಫ್ ಟೂರ್ನಿಗಳನ್ನು ನಡೆಸಿದ ಊರುಗಳು. ಡೇವಿಸ್ ಕಪ್ ಆಡಿದ ಶ್ರೀನಾಥ್ ಪ್ರಹ್ಲಾದ್, ಆಮೇಲಿನ ತಲೆಮಾರಿನ ಸೂರಜ್ ಪ್ರಬೋಧ್, ಪ್ರಜ್ವಲ್ ದೇವ್ ಮೈಸೂರಿನವರು. ಕೊಡಗಿನ ಮನೆತನದ ನಿಕಿ ಪೂಣಚ್ಚ 2024ರ ಫೆಬ್ರುವರಿಯಲ್ಲಿ ಇಸ್ಲಾಮಾಬಾದ್‌ನಲ್ಲಿ ಪಾಕಿಸ್ತಾನದ ಎದುರು ಡೇವಿಸ್ ಕಪ್‌ಗೆ ಪದಾರ್ಪಣೆ ಮಾಡಿದರು.

ಇವರೆಲ್ಲರ ನಡುವೆ ಎತ್ತರದ ಹೆಸರು ಕೊಡಗಿನ ರೋಹನ್ ಬೋಪಣ್ಣ. 1980ರ ಮಾರ್ಚ್ 4ರಂದು ಹುಟ್ಟಿದ ಅವರು ಜೂನಿಯರ್ ಗ್ರ್ಯಾನ್‌ಸ್ಲಾಮ್ ಗೆಲ್ಲಲಿಲ್ಲ. 2002ರಲ್ಲಿ ಡೇವಿಸ್ ಕಪ್‌ಗೆ ಬಂದು, 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2024ರ ಜನವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯಾ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ; ಡಬಲ್ಸ್ ಪಟ್ಟಿಯಲ್ಲಿ ಮೊದಲ ಬಾರಿಗೆ ಅಗ್ರಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರ ಎಂಬ ದಾಖಲೆಯೂ ಅವರದಾಯಿತು. ಅವರ ಹೆಸರಿನ ಅಕಾಡೆಮಿ ಬೆಂಗಳೂರಿನಲ್ಲಿ ಮಕ್ಕಳಿಗೆ ತರಬೇತಿ ಕೊಡುತ್ತಿದೆ.

ಆರ್‌ಪಿಸಿ ಲೇಔಟ್ ಮತ್ತು ಪಶ್ಚಿಮ ಬೆಂಗಳೂರು

ನಗರದೊಳಗೆ ಟೆನಿಸ್‌ಗೆ ನೆಲ ಹೊಂದಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಪಶ್ಚಿಮ ಬೆಂಗಳೂರು ಒಂದು ಉದಾಹರಣೆ. ವಿಜಯನಗರದ ಆರ್‌ಪಿಸಿ ಲೇಔಟ್, ಹಂಪಿನಗರ, ಅತ್ತಿಗುಪ್ಪೆ, ಬಸವೇಶ್ವರನಗರ, ರಾಜಾಜಿನಗರಗಳು ಮಧ್ಯಮ ವರ್ಗದ ಮನೆಗಳು ಒತ್ತೊತ್ತಾಗಿ ಬೆಳೆದ ಬಡಾವಣೆಗಳು. ಇಲ್ಲಿನ ಪಾರ್ಕುಗಳಲ್ಲಿ, ಅಡ್ಡರಸ್ತೆಗಳಲ್ಲಿ ಕ್ರಿಕೆಟ್ಟಿಗೂ ಶಟಲ್‌ಗೂ ಜಾಗ ಹೇಗೋ ಸಿಗುತ್ತದೆ, ಟೆನಿಸ್‌ಗೆ ಸಿಗುವುದಿಲ್ಲ. ಡಬಲ್ಸ್ ಅಂಗಳವೇ 78 ಅಡಿ ಉದ್ದ, 36 ಅಡಿ ಅಗಲ. ಬದಿಯಲ್ಲಿ, ಹಿಂದೆ ಓಡಲು ಬಿಡುವ ಜಾಗ ಸೇರಿದರೆ ಒಂದು ಅಂಗಳಕ್ಕೆ ಬೇಕಾದ್ದು 120 ಅಡಿಗೆ 60 ಅಡಿ. ಅಂದರೆ 7,200 ಚದರ ಅಡಿ. ಈ ಬಡಾವಣೆಗಳ ಲೆಕ್ಕದಲ್ಲಿ ಆರು ‘ತರ್ಟಿ ಫಾರ್ಟಿ’ ಸೈಟು. ಅಷ್ಟು ಜಾಗದಲ್ಲಿ ಒಂದು ಹೊತ್ತಿಗೆ ಆಡಬಹುದಾದವರು ನಾಲ್ಕೇ ಜನ. ನಗರದ ಒಳಬಡಾವಣೆಗಳಲ್ಲಿ ಟೆನಿಸ್ ಅಂಗಳಗಳು ಕ್ಲಬ್, ಶಾಲೆ, ಕಾಲೇಜುಗಳ ಆವರಣಕ್ಕೆ ಸೀಮಿತವಾಗಿರುವುದಕ್ಕೆ, ತರಬೇತಿ ದುಬಾರಿಯಾಗಿರುವುದಕ್ಕೆ ಈ ನೆಲದ ಲೆಕ್ಕವೇ ಮೂಲ ಕಾರಣ.

ಮೆಟ್ರೊ ಈ ಭಾಗದ ಮಕ್ಕಳಿಗೆ ಒಂದು ಅನುಕೂಲ ತಂದಿತು. ಮೈಸೂರು ರಸ್ತೆಯಿಂದ ಮಾಗಡಿ ರಸ್ತೆವರೆಗಿನ ನೇರಳೆ ಮಾರ್ಗ 2015ರ ನವೆಂಬರ್‌ನಲ್ಲಿ ತೆರೆಯಿತು. 2016ರ ಏಪ್ರಿಲ್ ಕೊನೆಯಲ್ಲಿ ಸುರಂಗ ಮಾರ್ಗವೂ ಸೇರಿತು. ಅಂದಿನಿಂದ ಅತ್ತಿಗುಪ್ಪೆ ಅಥವಾ ವಿಜಯನಗರ ನಿಲ್ದಾಣದಲ್ಲಿ ಹತ್ತಿದವರು ರೈಲು ಬದಲಿಸದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು. ರ‍್ಯಾಕೆಟ್ ಬ್ಯಾಗು, ಶಾಲೆಯ ಬ್ಯಾಗು ಎರಡನ್ನೂ ಹೊತ್ತ ಮಗುವಿಗೆ ಉಳಿಯುವ ಪ್ರಯಾಣದ ಸಮಯ ತರಬೇತಿಯ ಸಮಯವೇ. ಇನ್ನೊಂದು ದಿಕ್ಕಿನಲ್ಲಿ, ಜ್ಞಾನಭಾರತಿಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಅದಕ್ಕೆ ಹೆಸರು ಬಂದದ್ದು ಹಾಕಿ, ಅಥ್ಲೆಟಿಕ್ಸ್‌ಗಳಿಂದ. ಆ ಕ್ರೀಡೆಗಳಲ್ಲಿ ಸರ್ಕಾರದ ಹಾಸ್ಟೆಲ್ ಹೊರುವ ಭಾರವನ್ನು ಟೆನಿಸ್‌ನಲ್ಲಿ ಹೊರುವುದು ಬಹುಪಾಲು ಮನೆಯವರೇ.

ಬೆಂಗಳೂರಿನ ಹವೆಯೂ ಆಟದ ಮೇಲೆ ಪ್ರಭಾವ ಬೀರುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನ ಗಾಳಿ ತೆಳು. ಚೆಂಡು ಚೆನ್ನೈ, ಕೋಲ್ಕತ್ತಗಳಿಗಿಂತ ವೇಗವಾಗಿ ಹಾರುತ್ತದೆ. ಎತ್ತರದ ಊರುಗಳಿಗೆಂದು ಐಟಿಎಫ್ ಒಪ್ಪಿದ ಬೇರೆ ಬಗೆಯ ಚೆಂಡಿದೆ, ಆದರೆ ಅದು 1,219 ಮೀಟರ್‌ಗಿಂತ ಮೇಲಿನ ಊರುಗಳಿಗೆ ಮಾತ್ರ. ಹಾಗಾಗಿ ಇಲ್ಲಿ ಮಾಮೂಲಿ ಚೆಂಡಿನಲ್ಲೇ ಆಡಬೇಕು. ಇಲ್ಲಿ ಕಲಿತವರಿಗೆ ಸರ್ವ್ ಬೇಗ ಕೈಹತ್ತುತ್ತದೆ. ಕಡಲ ಮಟ್ಟದ ನಿಧಾನ ಅಂಗಳಗಳಲ್ಲಿ ಉದ್ದುದ್ದ ರ‍್ಯಾಲಿಗಳಿಗೆ ತಾಳ್ಮೆ ಕಲಿಯಬೇಕಾಗುತ್ತದೆ.

ತರಬೇತಿಯ ಹಂತಗಳು

ಚಿಕ್ಕ ಮಕ್ಕಳಿಗೆ ದೊಡ್ಡವರ ಅಂಗಳ, ದೊಡ್ಡವರ ಚೆಂಡು ಕೊಡುವ ಪದ್ಧತಿ ಈಗಿಲ್ಲ. 2012ರಿಂದ 10 ವರ್ಷದೊಳಗಿನವರ ಸ್ಪರ್ಧೆಗಳಲ್ಲಿ ಮಾಮೂಲಿ ಹಳದಿ ಚೆಂಡು ಬಳಸುವಂತಿಲ್ಲ ಎಂದು ಐಟಿಎಫ್ ನಿಯಮ ಮಾಡಿತು. ಕೆಂಪು ಚೆಂಡು ಮಾಮೂಲಿಗಿಂತ ಶೇ 75ರಷ್ಟು ನಿಧಾನ, ಕಿತ್ತಳೆ ಶೇ 50ರಷ್ಟು, ಹಸಿರು ಶೇ 25ರಷ್ಟು. ಕೆಂಪು ಮತ್ತು ಕಿತ್ತಳೆ ಹಂತಗಳಲ್ಲಿ ಅಂಗಳವೂ ಚಿಕ್ಕದು. ಪೂರ್ತಿ ಅಂಗಳಕ್ಕೆ ಮಗು ಬರುವುದು ಹಸಿರು ಚೆಂಡಿನ ಹಂತದಲ್ಲಿ. ಮಗುವಿನ ಸೊಂಟದ ಎತ್ತರದಲ್ಲಿ ಚೆಂಡು ಸಿಗುವುದರಿಂದ ಹಿಡಿತ, ಹೊಡೆತ ಸರಿಯಾಗಿ ಕೂರುತ್ತವೆ, ಭುಜಕ್ಕೆ ಏಟೂ ಕಡಿಮೆ.

12 ವರ್ಷದ ಮೇಲೆ ದಿನಕ್ಕೆ ಎರಡು ಹೊತ್ತಿನ ಅಭ್ಯಾಸ, ಫಿಟ್‌ನೆಸ್, ಪಂದ್ಯದಾಟ ಎಲ್ಲ ಸೇರುತ್ತವೆ. ಬಾಲಕಿಯರು ಸಾಮಾನ್ಯವಾಗಿ ಬಾಲಕರಿಗಿಂತ ಮುಂಚೆಯೇ ಹಿರಿಯರ ಮಟ್ಟಕ್ಕೆ ಬರುತ್ತಾರೆ. ಹಿಂಗಿಸ್ 1993ರಲ್ಲಿ ಫ್ರೆಂಚ್ ಜೂನಿಯರ್ ಪ್ರಶಸ್ತಿ ಗೆದ್ದಾಗ ಅವರ ವಯಸ್ಸು 12. ಇಂಥ ಬೇಗದ ಏರಿಕೆಯ ಅಪಾಯವೂ ದೊಡ್ಡದು. 13ನೆಯ ವಯಸ್ಸಿನಲ್ಲೇ ವೃತ್ತಿಪರಳಾದ ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿ ಹದಿಹರೆಯದಲ್ಲೇ ಬಳಲಿ ಆಟದಿಂದ ದೂರ ಸರಿದ ಪ್ರಸಂಗದ ನಂತರ, 1990ರ ದಶಕದ ನಡುವಿನಲ್ಲಿ ಮಹಿಳಾ ಟೆನಿಸ್ ಸಂಸ್ಥೆ ವಯೋಮಿತಿ ನಿಯಮ ತಂದಿತು. 14 ತುಂಬದವರು ವೃತ್ತಿಪರ ಟೂರ್ನಿ ಆಡುವಂತಿಲ್ಲ. 18ರವರೆಗೆ ಟೂರ್ನಿಗಳ ಸಂಖ್ಯೆಗೆ ಕಡಿವಾಣವಿದೆ. ಎಲುಬು ಬೆಳೆಯುವ ವಯಸ್ಸಿನಲ್ಲಿ ಒಂದೇ ಕೈಯಿಂದ ಸಾವಿರಾರು ಸರ್ವ್ ಮಾಡುವುದರಿಂದ ಭುಜ, ಬೆನ್ನು, ಮೊಣಕೈಗಳಿಗೆ ಬರುವ ನೋವನ್ನು ಮೊದಲೇ ಗಮನಿಸುವುದು ತರಬೇತುದಾರನ ಮುಖ್ಯ ಕೆಲಸ.

ಖರ್ಚು ಮತ್ತು ಓದು

ಐಟಿಎಫ್ ಜೂನಿಯರ್ ಟೂರ್ನಿಗಳಲ್ಲಿ ಬಹುಮಾನದ ಹಣವಿಲ್ಲ. ಅಂಕವಷ್ಟೇ ಗಳಿಕೆ. ತರಬೇತಿ ಶುಲ್ಕ, ಶೂ, ಚೆಂಡು, ರ‍್ಯಾಕೆಟ್ಟಿಗೆ ಪದೇಪದೇ ತಂತಿ ಕಟ್ಟಿಸುವ ಗಟ್ಟಿಂಗ್, ಪ್ರಯಾಣ, ವಸತಿ, ಜೊತೆಗೆ ಹೋಗುವ ತಂದೆ ಅಥವಾ ತಾಯಿಯ ಖರ್ಚು ಎಲ್ಲವೂ ಮನೆಯ ಲೆಕ್ಕದಿಂದ. ಗ್ರ್ಯಾನ್‌ಸ್ಲಾಮ್‌ಗಳ ಲಾಭದಿಂದ ಬರುವ ಅಭಿವೃದ್ಧಿ ನಿಧಿಯ ಮೂಲಕ ಐಟಿಎಫ್ ಹಿಂದುಳಿದ ಟೆನಿಸ್ ದೇಶಗಳ ಆಯ್ದ ಮಕ್ಕಳಿಗೆ ಪ್ರವಾಸದ ನೆರವು ಕೊಡುತ್ತದೆ. ಅದು ತಲುಪುವುದು ಕೆಲವರಿಗೆ. ಆದ್ದರಿಂದ ಮಧ್ಯಮ ವರ್ಗದ ಮನೆಗಳಿಗೆ ದೇಶದೊಳಗೆ ನಡೆಯುವ ಪ್ರತಿಯೊಂದು ಐಟಿಎಫ್ ಟೂರ್ನಿಯೂ ಒಂದು ವಿಮಾನದ ಟಿಕೆಟ್ ಉಳಿಸಿದಂತೆ.

ಓದಿನ ಪ್ರಶ್ನೆ 15, 16ರ ವಯಸ್ಸಿಗೆ ಎದುರಾಗುತ್ತದೆ. ಹಾಜರಾತಿಯ ಒತ್ತಡ ತಪ್ಪಿಸಿಕೊಳ್ಳಲು ಕೆಲವರು ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಪರೀಕ್ಷೆ ಕಟ್ಟುತ್ತಾರೆ. ಹಲವರು ಪಿಯುಸಿಗೆ ಬಂದಾಗ ರ‍್ಯಾಕೆಟ್ ಬದಿಗಿಟ್ಟು ಸಿಇಟಿಯತ್ತ ತಿರುಗುತ್ತಾರೆ. ಜೂನಿಯರ್ ಪಟ್ಟಿಯಲ್ಲಿ ರಾಜ್ಯದ ಹೆಸರುಗಳು 14 ವರ್ಷದೊಳಗಿನವರಲ್ಲಿ ಹೆಚ್ಚಾಗಿ, 18ಕ್ಕೆ ಬರುವಾಗ ತೆಳುವಾಗಲು ಇದೂ ಒಂದು ಕಾರಣ.

ಜೂನಿಯರ್‌ನಿಂದ ಮುಂದೆ

18 ತುಂಬಿದವರ ಮುಂದೆ ಎರಡು ದಾರಿಗಳಿವೆ. ಮೊದಲನೆಯದು ನೇರ ವೃತ್ತಿಪರ ಆಟ. ಐಟಿಎಫ್‌ನ ಕೆಳ ಹಂತದ ಟೂರ್ನಿಗಳಲ್ಲಿ ಅಗ್ರ 100 ಜೂನಿಯರ್ ಆಟಗಾರರಿಗೆಂದು ಕೆಲವು ಸ್ಥಾನಗಳನ್ನು ಮೀಸಲಿಡಲಾಗಿದೆ. ವರ್ಷಾಂತ್ಯದಲ್ಲಿ ಪಟ್ಟಿಯ ಮೊದಲ 20ರೊಳಗೆ ಇರುವ ಬಾಲಕರಿಗೆ ಮರುವರ್ಷ ಚಾಲೆಂಜರ್ ಟೂರ್ನಿಗಳಲ್ಲಿ ನೇರ ಪ್ರವೇಶ ಕೊಡುವ ಯೋಜನೆಯೂ ಇದೆ; ಬಾಲಕಿಯರಿಗೂ ಇಂಥದೇ ವ್ಯವಸ್ಥೆ ಉಂಟು.

ಎರಡನೆಯದು ಅಮೆರಿಕದ ವಿಶ್ವವಿದ್ಯಾಲಯಗಳ ಕ್ರೀಡಾ ವಿದ್ಯಾರ್ಥಿವೇತನ. ಪದವಿಯೂ ಸಿಗುತ್ತದೆ, ನಾಲ್ಕು ವರ್ಷ ತಂಡದ ಆಟವೂ ಸಿಗುತ್ತದೆ. ಮಹೇಶ್ ಭೂಪತಿ ಮಿಸಿಸಿಪಿ ವಿಶ್ವವಿದ್ಯಾಲಯದ ಪರವಾಗಿ 1995ರಲ್ಲಿ ಕಾಲೇಜು ಡಬಲ್ಸ್ ಗೆದ್ದು, 1997ರಲ್ಲಿ ಜಪಾನಿನ ರಿಕಾ ಹಿರಾಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಜಯಿಸಿ, ಗ್ರ್ಯಾನ್‌ಸ್ಲಾಮ್ ಪ್ರಶಸ್ತಿ ಪಡೆದ ಮೊದಲ ಭಾರತೀಯರಾದರು. ವರ್ಜೀನಿಯಾ ವಿಶ್ವವಿದ್ಯಾಲಯದ ಸೋಮದೇವ್ ದೇವ್‌ವರ್ಮನ್ 2007, 2008ರಲ್ಲಿ ಸತತವಾಗಿ ಕಾಲೇಜು ಸಿಂಗಲ್ಸ್ ಚಾಂಪಿಯನ್. ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ದಂಪತಿಯ ಮಗ ರಾಜೀವ್ ರಾಮ್ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದಾಗ 2003ರ ಕಾಲೇಜು ಡಬಲ್ಸ್ ಗೆದ್ದರು. ಮುಂದೆ ಬ್ರಿಟನ್ನಿನ ಜೋ ಸಾಲಿಸ್‌ಬರಿ ಜೊತೆ 2021ರಿಂದ 2023ರವರೆಗೆ ಮೂರು ವರ್ಷ ಸತತ ಅಮೆರಿಕ ಓಪನ್ ಪುರುಷರ ಡಬಲ್ಸ್ ಪ್ರಶಸ್ತಿ ಅವರದಾಯಿತು.

ಮೌಲ್ಯಮಾಪನ

ಭೂಪತಿ, ಬೋಪಣ್ಣ, ರಾಮ್ ಮೂವರೂ ಬೇರೆ ಬೇರೆ ದಾರಿಯಲ್ಲಿ ಬೆಂಗಳೂರಿಗೆ ಸೇರಿದವರು. ಮೂವರ ಹೆಸರೂ ಜೂನಿಯರ್ ಗ್ರ್ಯಾನ್‌ಸ್ಲಾಮ್ ವಿಜೇತರ ಸಿಂಗಲ್ಸ್ ಪಟ್ಟಿಯಲ್ಲಿಲ್ಲ. ಮೂವರೂ ಹಿರಿಯರ ಗ್ರ್ಯಾನ್‌ಸ್ಲಾಮ್ ಗೆದ್ದರು. ಜೂನಿಯರ್ ವರ್ಷದ ರ‍್ಯಾಂಕಿಂಗ್ ಅಂತಿಮ ತೀರ್ಪಲ್ಲ ಎಂಬುದಕ್ಕೆ ಕರ್ನಾಟಕಕ್ಕೆ ಬೇರೆ ಉದಾಹರಣೆ ಬೇಕಿಲ್ಲ. ಆದರೆ ಈ ಮೂವರಿಗೂ 18 ದಾಟಿದ ಮೇಲೂ ಆಟದಲ್ಲಿ ಉಳಿಯಲು ನೆಲೆ ಸಿಕ್ಕಿತು ಎಂಬುದನ್ನು ಮರೆಯುವಂತಿಲ್ಲ. ಬಡಾವಣೆಗಳ ಮಟ್ಟದಲ್ಲಿ ಸಾರ್ವಜನಿಕ ಅಂಗಳಗಳು, ರಾಜ್ಯದಲ್ಲೇ ಮೇಲು ದರ್ಜೆಯ ಜೂನಿಯರ್ ಟೂರ್ನಿಗಳು, ಓದಿನ ಜೊತೆ ಆಟಕ್ಕೂ ಸಮಯ ಕೊಡುವ ಶಾಲೆಗಳು: ಈ ಮೂರೂ ಸೇರಿದರೆ ಮಾತ್ರ 14ರಲ್ಲಿ ಆಡುವ ಮಕ್ಕಳು 18ರಲ್ಲೂ ಆಡುತ್ತಿರುತ್ತಾರೆ.